ಗಾಲಿಗೆ ಕೊಟ್ಟ ಕಲ್ಲು

ಎಂಟು ವರ್ಷದ ಹಿಂದಿನ ಸಂಕ್ರಾಂತಿಯ ಮರುದಿನ, ಸಂಜೆ ನಾಲ್ಕೂ ಮುಕ್ಕಾಲರ ಸುಮಾರಿಗೆ, ನಾನು ನಿಂತಿದ್ದದ್ದು ಒಂದು ಫುಟ್‌ಬಾಲ್ ಮೈದಾನದ ಪಡುವಣ ಗೋಲಿನ ಹಿಂದೆ. ಗೋಲಿನ ಬಲೆ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಬೆನ್ನ ಹಿಂದೆ, ಐದು ಹೆಜ್ಜೆಯ ಅಂತರದಲ್ಲಿ, ನಾಲ್ಕು ಗಾಲಿಯ ಒಂದು ಕಬ್ಬಿನ ಟ್ರೇಲರ್ ನಿಂತಿತ್ತು. ಎದುರಿಗೆ, ಮೂರು ಹೆಜ್ಜೆಯಲ್ಲಿ, ನೆಲದ ಮೇಲೆ ಕುಳಿತ ಮಕ್ಕಳ ಸಾಲು. ನನ್ನ ಎಡಗೈಯಲ್ಲಿ ಆರು ವರ್ಷದ ಮಗಳ ಬಲಗೈ ಇತ್ತು. ಐದು ವರ್ಷದ ತಮ್ಮನ ಮಗ ಆ ಸಾಲಿನಲ್ಲಿ ಕುಳಿತಿದ್ದ. ಇಷ್ಟನ್ನು ಮೊದಲೇ ಬರೆಯುತ್ತಿದ್ದೇನೆ. ಆ ದಿನದ ಮಾತು ಬಂದಾಗಲೆಲ್ಲ ನಾನು ಎಲ್ಲೋ ದೂರದಲ್ಲಿ ನಿಂತಿದ್ದವನ ಹಾಗೆ ಹೇಳುತ್ತ ಬಂದಿದ್ದೇನೆ. ದೂರದಲ್ಲಿರಲಿಲ್ಲ.

ಬೈಲಹೊಂಗಲದಿಂದ ಯರಗಟ್ಟಿಯ ಕಡೆಗೆ ಬರುವಾಗ ಸಿಗುವ ಒಂದು ಹಳ್ಳಿಯ ಮೈದಾನ ಅದು. ಆ ಊರಿನವರ ತಪ್ಪು ಏನೂ ಇರಲಿಲ್ಲವಾದ್ದರಿಂದ ಊರಿನ ಹೆಸರು ಬರೆಯುವುದಿಲ್ಲ. ನಾನು ಯರಗಟ್ಟಿಯ ಹೊರಗೆ ರಸ್ತೆ ಬದಿಯ ಒಂದು ತೂಕದ ಕಾಟಾದಲ್ಲಿ ಕೆಲಸ ಮಾಡುತ್ತೇನೆ. ಗಾಡಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಒಳಗಿನ ಕೋಣೆಯಲ್ಲಿ ಅಂಕಿ ಮೂಡುತ್ತದೆ, ನಾನು ಚೀಟಿ ಹರಿದು ಕೊಡುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ದಿನವಿಡೀ ಇದೇ ಕೆಲಸ. ತೂಗುವ ಮೊದಲು ಡ್ರೈವರನನ್ನೂ ಮೇಲೆ ಕುಳಿತವರನ್ನೂ ಕೆಳಗಿಳಿಸುತ್ತೇವೆ. ನಮ್ಮ ಲೆಕ್ಕದಲ್ಲಿ ಮನುಷ್ಯರು ತೂಕಕ್ಕೆ ಬರುವುದಿಲ್ಲ.

ಮಕ್ಕಳಿಬ್ಬರೂ ಅಲ್ಲಿಯವರೆಗೆ ಫುಟ್‌ಬಾಲನ್ನು ಫೋನಿನಲ್ಲಿ ಮಾತ್ರ ನೋಡಿದ್ದರು. ಬೆಳಗಾವಿಯಿಂದ ಒಂದು ತಂಡ ಆ ಊರಿನ ಹುಡುಗರ ಜೊತೆ ಆಡಲು ಬರುತ್ತದೆಂದು ಮಗಳ ಶಾಲೆಯ ಆಟದ ಮಾಸ್ತರರು ಹೇಳಿದ್ದರು. ಎರಡು ದಿನ ಮನೆಯಲ್ಲಿ ಅದೇ ಮಾತು. ತಮ್ಮನ ಹೆಂಡತಿ ಮಗನನ್ನು ಬೈಕಿನ ಮೇಲೆ ನನ್ನ ಮುಂದೆ ಕೂರಿಸುವಾಗ ಅವನ ಜೇಬಿಗೆ ಕುಸುರೆಳ್ಳಿನ ಪೊಟ್ಟಣ ತುರುಕಿ, ಗದ್ದಲದಲ್ಲಿ ಕೈ ಬಿಡಬೇಡಿ ಎಂದು ನನಗೆ ಎರಡು ಸಲ ಹೇಳಿದಳು. ಅವಳು ಹೇಳದಿದ್ದರೂ ನಾನು ಹೆದರುವವನೇ. ದಾರಿಯುದ್ದಕ್ಕೂ ಮಗಳು ನನ್ನ ಸೊಂಟ ಹಿಡಿದಿದ್ದಾಳೋ ಇಲ್ಲವೋ ಎಂದು ಒಂದು ಕೈಯಿಂದ ಮುಟ್ಟಿ ನೋಡುತ್ತಿದ್ದೆ.

ಮೈದಾನ ಮುಟ್ಟಿದಾಗ ಇಬ್ಬರ ಕೈಯನ್ನೂ ಬಿಗಿಯಾಗಿ ಹಿಡಿದೆ. ಅಷ್ಟು ಜನರನ್ನು ನಾನು ನಿರೀಕ್ಷಿಸಿರಲಿಲ್ಲ. ಊರವರೆಲ್ಲ ಬಂದಿದ್ದರು, ಸುತ್ತಲಿನ ಊರವರೂ ಬಂದಿದ್ದರು. ಹಬ್ಬಕ್ಕೆಂದು ಕಬ್ಬು ಕಡಿಯುವ ಗ್ಯಾಂಗಿನವರು ರಜೆ ಹಿಡಿದಿದ್ದರಿಂದ ಟ್ರೇಲರುಗಳು ಖಾಲಿ ಇದ್ದವು. ಅವನ್ನೇ ತಂದು ಗೋಲಿನ ಹಿಂದಿನ ಏರಿನ ಮೇಲೆ, ಮೂತಿ ಮೈದಾನದ ಕಡೆಗೆ ಮಾಡಿ, ನಾಲ್ಕನ್ನು ಸಾಲಾಗಿ ನಿಲ್ಲಿಸಿದ್ದರು. ನಮ್ಮ ಕಡೆ ಆಟ ಏನೇ ಇದ್ದರೂ ಅದೇ ಗ್ಯಾಲರಿ. ಹಿರಿಯರು, ಹೆಂಗಸರು ಮೇಲೆ ಹತ್ತಿ ನೋಡುತ್ತಾರೆ. ನೀರಿನ ಟ್ಯಾಂಕರ್ ಎಳೆದು ಮೈದಾನದ ಧೂಳು ಕೂರಿಸಲು ಟ್ರ್ಯಾಕ್ಟರುಗಳನ್ನು ಬಿಚ್ಚಿಕೊಂಡು ಹೋಗಿದ್ದರು. ಟ್ರೇಲರುಗಳ ಮೂಕಿಗಳು, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ ದಂಡಗಳು, ನೆಲಕ್ಕೆ ಒರಗಿದ್ದವು.

ಬಲತುದಿಯ ಟ್ರೇಲರಿನ ಮೂಕಿಯ ಮೇಲೆ ಅದರ ಡ್ರೈವರ್ ಕುಳಿತಿದ್ದ. ನನಗೆ ಪರಿಚಯದವನೇ. ಹಂಗಾಮಿನಲ್ಲಿ ದಿನಕ್ಕೊಮ್ಮೆಯಾದರೂ ನಮ್ಮ ಕಾಟಾಕ್ಕೆ ಬರುತ್ತಿದ್ದ, ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅವನನ್ನು ಚಾಚಾ ಎನ್ನುತ್ತೇನೆ. ಮಕ್ಕಳನ್ನು ಕಂಡವನೇ ಮೇಲೆ ಜಾಗ ತೋರಿಸಿದ.

“ಮ್ಯಾಲ ಹತ್ತಿಸ್ರಿ ಅಣ್ಣಾರ. ಕೆಳಗ ನಿಂತ್ರ ಇವಕ್ಕ ಮಂದಿ ಬೆನ್ನ ಕಾಣ್ತಾವ ಅಷ್ಟ.”

ಬಿದ್ದುಗಿದ್ದಾವು, ಬೇಡ ಎಂದೆ.

“ಲೋಡ್ ಗಾಡಿಗೆ ಹೆದರೂದ ಕೇಳೇನಿ. ಖಾಲಿ ಗಾಡಿಗೂ ಹೆದರೂ ಮನಶ್ಯಾನ್ನ ಇವತ್ತ ನೋಡಿದ್ನಿ,” ಎಂದು ಅವನು ಮೇಲಿದ್ದವರಿಗೆ ಕೇಳುವಂತೆ ಹೇಳಿದ. ಅವರು ನಕ್ಕರು. ನಾನೂ ನಕ್ಕೆ. ನೆಲದ ಮೇಲಿದ್ದರೆ ಬೀಳುವ ಮಾತೇ ಇಲ್ಲ ಎಂಬುದು ನನ್ನ ವಿಚಾರ.

ತಮ್ಮನ ಮಗ ನುಸುಳಿ ಹೋಗಿ ಮಕ್ಕಳ ಸಾಲಿನಲ್ಲಿ ಕುಳಿತ. ಅವನ ಕೆಂಪು ಸ್ವೆಟರಿನ ಬೆನ್ನು ನನಗೆ ಕಾಣುತ್ತಿತ್ತು, ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೆಳಗಾವಿಯವರು ಮೊದಲ ಗೋಲು ಹೊಡೆದಾಗ ಅವನು ನನ್ನ ಕಡೆ ತಿರುಗಿ ಕೇಳಿದ: “ದೊಡ್ಡಪ್ಪಾ, ಈಗ ಆದದ್ದನ್ನ ತಿರುಗಿ ಯಾವಾಗ ತೋರಸ್ತಾರ?” ಇಲ್ಲಿ ತಿರುಗಿ ತೋರಿಸುವುದಿಲ್ಲಪ್ಪಾ ಎಂದೆ. ಅವನು ನಂಬಲಿಲ್ಲ, ಸ್ವಲ್ಪ ಹೊತ್ತು ಆಕಾಶ ನೋಡಿದ.

ಮಗಳು ಅವನ ಜೊತೆ ಕೂರಲು ಒಪ್ಪಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಮುಂದೆ ದೊಡ್ಡ ಹುಡುಗರು ಎದ್ದು ನಿಂತು ಕುಣಿಯುತ್ತಿದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಎತ್ತಿಕೊಂಡೆ. ಎರಡನೆಯ ಅರ್ಧ ಶುರುವಾಗುವಷ್ಟರಲ್ಲಿ ತೋಳು ಸೋತಿತು. ಹತ್ತಿ ನಿಲ್ಲಲು ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದೆ. ಬೆನ್ನ ಹಿಂದಿದ್ದ ಚಾಚಾನ ಟ್ರೇಲರಿನ ಮುಂದಿನ ಎರಡೂ ಗಾಲಿಗಳಿಗೆ ಉರುಳದಂತೆ ಕಲ್ಲು ಕೊಟ್ಟಿದ್ದರು. ಬಲಗಾಲಿಯದು ಸಣ್ಣದು. ನನ್ನ ಕಡೆಯ, ಎಡಗಾಲಿಯದು ಮೊಣಕಾಲೆತ್ತರದ ಕೆತ್ತಿದ ಕಲ್ಲು, ಮೇಲೆ ಹಳದಿ ಬಣ್ಣದ ಪಟ್ಟಿ. ಡ್ರೈವರುಗಳು ತಮ್ಮ ಕಲ್ಲಿಗೆ ಹೀಗೆ ಗುರುತು ಮಾಡಿ ಗಾಡಿಯಲ್ಲೇ ಇಟ್ಟುಕೊಂಡು ತಿರುಗುತ್ತಾರೆ.

ಕಾಟಾದ ಹೊರಗಿನ ಇಳಿಜಾರಿನಲ್ಲಿ ಸರದಿಗೆ ನಿಂತಾಗ ಕಲ್ಲು ಕೊಡಿ ಎಂದು ದಿನವೂ ಡ್ರೈವರುಗಳಿಗೆ ಕೂಗಿ ಹೇಳುವವನು ನಾನು. ಆದರೂ ಆ ಹೊತ್ತಿಗೆ ನನಗೆ ಹೊಳೆದದ್ದು ಇಷ್ಟೇ: ಗಾಡಿ ಖಾಲಿ ಇದೆ, ಇನ್ನೊಂದು ಕಲ್ಲು ಇದೆ. ಮೇಲೆ ಮೂವತ್ತು, ಮೂವತ್ತೈದು ಜನ ನಿಂತಿದ್ದರು. ಅವರು ನನ್ನ ಕಣ್ಣಿಗೆ ತೂಕವಾಗಿ ಕಾಣಲಿಲ್ಲ.

ಬಗ್ಗಿ ಕಲ್ಲನ್ನು ಉರುಳಿಸಿಕೊಂಡು ಐದು ಹೆಜ್ಜೆ ಮುಂದೆ ತಂದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಶೇಂಗಾ ಮಾರುತ್ತಿದ್ದ ಹೆಂಗಸು ನೋಡಿದಳು. “ಅದನ್ಯಾಕ ತಗೀತಿಯೋ ಯಪ್ಪಾ, ಇದ್ದಲ್ಲೆ ಇರಲಿ ಬಿಡು,” ಎಂದಳು. ಗದ್ದಲದಲ್ಲಿ ಕೇಳಿಸದವನಂತೆ ಇದ್ದುಬಿಟ್ಟೆ. ಡ್ರೈವರ್ ಮೂಕಿಯ ಮೇಲೆ ಕುಳಿತು ಆಟ ನೋಡುತ್ತಿದ್ದ, ಅವನ ಬೆನ್ನು ಗಾಲಿಯ ಕಡೆಗಿತ್ತು. ಮಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ಕಾಣುತ್ತದೆ ಎಂದಳು.

ಆಮೇಲೆ ಹತ್ತು ನಿಮಿಷ ಕಳೆದಿರಬಹುದು. ಊರ ಹುಡುಗರು ಚೆಂಡನ್ನು ನಮ್ಮ ಕಡೆಯ ಗೋಲಿಗೆ ತರುತ್ತಿದ್ದರು. ಟ್ರೇಲರಿನ ಮೇಲಿಂದ ಒಬ್ಬ ಮುದುಕ, “ಓಡಲೇ ತಮ್ಮಾ, ಬೀಗರ ಮನಿಗೆ ಹೊಂಟಾಂವನಂಗ ನಡೀಬ್ಯಾಡ,” ಎಂದು ಕೂಗಿದ್ದು ನೆನಪಿದೆ. ಬಿಸಿಲು ನಮ್ಮ ಬೆನ್ನಿಗಿತ್ತು. ಟ್ರೇಲರಿನ ನೆರಳು, ಅದರ ಮೇಲಿನ ಜನರ ನೆರಳು, ನನ್ನನ್ನು ದಾಟಿ ಮಕ್ಕಳ ಸಾಲಿನವರೆಗೆ ಚಾಚಿತ್ತು. ಟ್ರೇಲರಿನ ಮುಂದಿನ ಹಲಗೆಯ ನೆರಳಿನ ಅಂಚು ಸರಿಯಾಗಿ ಕೆಂಪು ಸ್ವೆಟರಿನ ನಡುವೆ ಬಿದ್ದಿತ್ತು. ಕೆಳಗರ್ಧ ನೆರಳು, ಮೇಲರ್ಧ ಬಿಸಿಲು.

ಗೋಲಾಯಿತು. ಟ್ರೇಲರಿನ ಮೇಲಿದ್ದವರೆಲ್ಲ ಒಮ್ಮೆಲೇ ಮುಂದಿನ ಹಲಗೆಗೆ ನುಗ್ಗಿ ಕುಣಿದರು. ನೆಲದ ಮೇಲೆ ಅವರ ಕೈಗಳ ನೆರಳು ಹಾರಾಡಿತು. ಆಮೇಲೆ ಹಲಗೆಯ ನೆರಳೂ ಸರಿಯಿತು. ಕೆಂಪು ಸ್ವೆಟರಿನಲ್ಲಿ ಬಿಸಿಲು ಉಳಿಯಲಿಲ್ಲ. ನೆರಳು ಅವನನ್ನು ದಾಟಿ ಅವನ ಮುಂದಿನ ಮಣ್ಣಿನ ಮೇಲೆ ಹೋಗುತ್ತಿತ್ತು.

ಏನಾಗುತ್ತಿದೆ ಎಂದು ನನಗೆ ಕೂಡಲೇ ತಿಳಿಯಿತು. ಆ ಮೈದಾನದಲ್ಲಿ ನನ್ನಷ್ಟು ಬೇಗ ತಿಳಿಯಬಹುದಾದವರು ಬೇರೆ ಯಾರೂ ಇರಲಿಲ್ಲ. ಕೂಗಲಿಲ್ಲ. ಮಗಳನ್ನು ಕಲ್ಲಿನಿಂದ ಎಳೆದು ಎಡಕ್ಕೆ ಹಾರಿದೆ. ತಮ್ಮನ ಮಗನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅವನು ಎರಡೂ ಕೈ ಮೇಲೆತ್ತಿ ಗೋಲಿನ ಕಡೆ ನೋಡುತ್ತ ಕೂಗುತ್ತಿದ್ದ. ಹಿಂದೆ ಏನು ಬರುತ್ತಿದೆ ಎಂದು ಸಾಲಿನಲ್ಲಿದ್ದ ಒಂದು ಮಗುವಿಗೂ ಗೊತ್ತಿರಲಿಲ್ಲ.

ಡ್ರೈವರನಿಗೆ ಮೂಕಿ ತನ್ನ ಕೆಳಗೆ ಸರಿದದ್ದು ತಿಳಿದಿರಬೇಕು. ಅವನು ಎದ್ದು ಓಡಲಿಲ್ಲ. ಎಡಕ್ಕೆ ಇಳಿದು, ಎರಡೂ ಕೈಯಿಂದ ಮೂಕಿಯನ್ನು ಸೊಂಟದವರೆಗೆ ಎತ್ತಿ, ಮೈಯೆಲ್ಲ ಹಾಕಿ ಬಲಕ್ಕೆ ನೂಕಿದ. ಮೂಕಿ ತಿರುಗಿದ ಕಡೆ ಮುಂದಿನ ಗಾಲಿಗಳು ತಿರುಗುತ್ತವೆ. ಟ್ರೇಲರ್ ಬಲಕ್ಕೆ ವಾಲಿಕೊಂಡು, ಗೋಲಿನ ಕಂಬ ನೆಡಲು ತಂದು ಹಾಕಿದ್ದ ಮೊರಂ ಮಣ್ಣಿನ ಗುಡ್ಡೆಯನ್ನು ಅರ್ಧ ಹತ್ತಿ ನಿಂತಿತು. ನಿಂತ ಹೊಡೆತಕ್ಕೆ ಮೂಕಿ ತಿರುಗಿ ಎಡಕ್ಕೆ ಬಂದು ಅವನ ಎಡ ಮೊಣಕಾಲ ಕೆಳಗೆ ಬಡಿದು, ಅವನನ್ನು ಕೆಡವಿ, ಕಾಲಿನ ಮೇಲೆಯೇ ಬಿತ್ತು. ಗಾಲಿಯ ಗುರುತು ತಮ್ಮನ ಮಗ ಕುಳಿತಿದ್ದ ಜಾಗದಿಂದ ಒಂದೂವರೆ ಅಡಿ ದೂರದಲ್ಲಿತ್ತು. ಅವನ ಜೇಬಿನಿಂದ ಬಿದ್ದ ಕುಸುರೆಳ್ಳು ಆ ಗುರುತಿನಲ್ಲಿ ಚದುರಿತ್ತು.

ಜನ ಸೇರಿ ಮೂಕಿ ಎತ್ತಿದರು. ಮೇಲಿಂದ ಬಿದ್ದ ಇಬ್ಬರಿಗೆ ತರಚಿತ್ತು, ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಆಮೇಲೆ ಹೆದರಿಕೆ ಸಿಟ್ಟಾಯಿತು. ಮಕ್ಕಳ ತಂದೆ-ತಾಯಿಯರು ಡ್ರೈವರನ ಸುತ್ತ ನಿಂತು ಬೈಯತೊಡಗಿದರು. ಗಾಲಿಗೆ ಕಲ್ಲು ಕೊಡದೆ ಹೇಗೆ ಬಿಟ್ಟೆ ಎಂದು ಒಬ್ಬ ಅವನ ಅಂಗಿ ಹಿಡಿದ. ಅವನು ನೆಲದ ಮೇಲೆ ಕುಳಿತೇ ಹೇಳಿದ: “ಕಲ್ಲ ಇಟ್ಟಿದ್ನಿರಿ. ಎರಡೂ ಗಾಲಿಗೆ ಇಟ್ಟಿದ್ನಿ.” ಎಲ್ಲಿದೆ ತೋರಿಸು ಎಂದರು. ಬಲಗಾಲಿಯ ಸಣ್ಣ ಕಲ್ಲು ಮಣ್ಣಿನಲ್ಲಿ ಹೂತು ಹೋಗಿತ್ತು. ಅವನು ಎಡಗಾಲಿಯ ಕಡೆ ಕೈ ತೋರಿಸಿದ. ಅಲ್ಲಿ ಏನೂ ಇರಲಿಲ್ಲ.

ಹಳದಿ ಪಟ್ಟಿಯ ಕಲ್ಲು ನನ್ನ ಕಾಲ ಹತ್ತಿರ ಬಿದ್ದಿತ್ತು. ನಾನು ತಮ್ಮನ ಮಗನನ್ನು ಎತ್ತಿಕೊಂಡು, ಮಗಳ ಕೈ ಹಿಡಿದು, ಅದರ ಪಕ್ಕದಲ್ಲೇ ನಿಂತಿದ್ದೆ. ಈಗ ಹೇಳಿದರೆ ಇಷ್ಟೂ ಜನ ನನ್ನ ಮೇಲೆ ಬೀಳುತ್ತಾರೆ ಎಂದುಕೊಂಡೆ. ಮಕ್ಕಳು ಜೊತೆಗಿದ್ದಾರೆ ಎಂದೂ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ಬೈಕಿನ ಕಡೆಗೆ ನಡೆದೆ.  ತಮ್ಮನ ಮಗ ದಾರಿಯಲ್ಲಿ ಕೇಳಿದ್ದು ಪಂದ್ಯ ಮುಂದೆ ಏನಾಯಿತು ಎಂದು ಮಾತ್ರ.

ಡ್ರೈವರನ ಕಾಲಿನ ಎಲುಬು ಮುರಿದಿತ್ತು. ಎಡಗಾಲು ಕ್ಲಚ್ಚಿನ ಕಾಲಾದ್ದರಿಂದ ಆ ಹಂಗಾಮು ಪೂರ್ತಿ ಅವನು ಗಾಡಿ ಹೊಡೆಯಲಿಲ್ಲ. ಮುಂದಿನ ವರ್ಷ ಬಂದಾಗ ಕಾಲು ಎಳೆದು ನಡೆಯುತ್ತಿದ್ದ. ಕಬ್ಬಿನ ಗಾಡಿಯವರು ಅವನಿಗೆ ಕಲ್ಲಿಲ್ಲದ ಡ್ರೈವರ್ ಎಂದು ಹೆಸರಿಟ್ಟಿದ್ದರು. ಸರದಿಯಲ್ಲಿ ನಿಂತಾಗ, “ಏ, ಕಲ್ಲಿಲ್ಲದ ಗಾಡಿ ಬಂತ, ಸರಕೋರಿ,” ಎಂದು ಚೇಷ್ಟೆ ಮಾಡುತ್ತಿದ್ದರು. ಆ ಊರಿನವರು ತಮ್ಮ ಕಬ್ಬನ್ನು ಅವನ ಗಾಡಿಗೆ ಹೇರಗೊಡಲಿಲ್ಲ. ನಮ್ಮ ಕಾಟಾದ ಹಾಸು ಸಪಾಟು, ಅಲ್ಲಿ ಕಲ್ಲಿನ ಗರಜಿಲ್ಲ. ಆದರೂ ಅವನು ಪ್ರತಿ ಸಲ ಗಾಲಿಗೆ ಕಲ್ಲು ಕೊಟ್ಟು, ಕೋಣೆಯ ಬಾಗಿಲಿಗೆ ಬಂದು, “ಕಲ್ಲ ಇಟ್ಟೇನಿ ಅಣ್ಣಾರ, ನೋಡ ಬರ್ರಿ,” ಎನ್ನುತ್ತಿದ್ದ. ನಾನು ಹೋಗಿ ನೋಡುತ್ತಿದ್ದೆ. ಏಳು ಹಂಗಾಮು ನೋಡಿದೆ. ಅವನಿಗೆ ಗೊತ್ತಿದ್ದು ಹೀಗೆ ಮಾಡುತ್ತಾನೋ, ಜನರ ಮಾತಿಗೆ ನೊಂದು ಮಾಡುತ್ತಾನೋ ತಿಳಿಯುತ್ತಿರಲಿಲ್ಲ. 

ಈ ವರ್ಷ ತಮ್ಮನ ಮಗ ಶಾಲೆಯ ತಂಡದಲ್ಲಿ ಗೋಲು ಕಾಯಲು ನಿಂತಿದ್ದಾನೆ. ಮೊದಲ ಪಂದ್ಯಕ್ಕೆ ಮನೆಯವರೆಲ್ಲ ಬರಬೇಕೆಂದು ಅವನು ಹಟ ಹಿಡಿದಾಗ, ನಾನು ಬರುವುದಿಲ್ಲ ಎಂದೆ. ಮಗಳು ತಾಟಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಊಟವಾದ ಮೇಲೆ ಹಿತ್ತಲಿಗೆ ಬಂದು ಕೇಳಿದಳು: “ಅಪ್ಪಾ, ನಾ ನಿಂತಿದ್ದ ಕಲ್ಲು ಆ ಗಾಲೀದು ಅಲ್ಲೇನು?” ನಾನು ಹೌದು ಎಂದೆ. 

ಮೂರನೆಯ ದಿನ ಡ್ರೈವರ್ ಬಂದ. ಕಲ್ಲು ನೋಡಲು ಕರೆದ. ಹೋದೆ. ಗಾಲಿಯ ಹತ್ತಿರ ನಿಂತು, ಅವತ್ತು ನಿಮ್ಮ ಕಲ್ಲನ್ನು ನಾನೇ ತೆಗೆದಿದ್ದೆ ಚಾಚಾ ಎಂದೆ. 

“ಗೊತ್ತೈತ್ರಿ,” ಎಂದ ಅವನು. “ಬಿದ್ದಾಗ ನನ್ನ ಮಾರಿ ಮುಂದನ ಇತ್ತು. ನಾನ ಬಣ್ಣ ಬಳದ ಕಲ್ಲ, ಗುರ್ತ ಸಿಗಂಗಿಲ್ಲೇನು?”

ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಇಟ್ಟೇನಿ ಅಂತ ನಾ ಹೇಳಿದ್ನಲ್ಲ. ತಗದದ್ದು ತಗದಾಂವ ಹೇಳಬೇಕು.” ಅವನು ಬಗ್ಗಿ ಕಲ್ಲನ್ನು ಎತ್ತಿ ಗಾಡಿಯಲ್ಲಿ ಹಾಕಿದ. “ನನಗ ಗೊತ್ತಿದ್ದದ್ದನ್ನ ನನಗ ಹೇಳಿ ಏನ ಮಾಡ್ತೀರಿ? ಆ ಊರಾಗ ಹೇಳ್ರಿ.”

ಆ ಊರಿಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಎರಡು ಸಲ ಬೈಕ್ ಹತ್ತಿ ಅರ್ಧ ದಾರಿಯಿಂದ ತಿರುಗಿ ಬಂದಿದ್ದೇನೆ. ಅದಕ್ಕೇ ಇದನ್ನು ಮೊದಲು ಬರೆದಿದ್ದೇನೆ. ಇದು ಅಚ್ಚಾಗಿ ಅಲ್ಲಿಗೆ ಮುಟ್ಟಿದ ಮೇಲೆ ನಾನು ಹೋಗದೆ ಇರಲು ಆಗುವುದಿಲ್ಲ. ಆ ಡ್ರೈವರ್ ಎರಡೂ ಗಾಲಿಗೆ ಕಲ್ಲು ಕೊಟ್ಟಿದ್ದ. ಎಡಗಾಲಿಯದನ್ನು ತೆಗೆದವನು ನಾನು. ನನ್ನ ಮಾತೊಂದೇ ಸಾಲದು ಎನ್ನುವವರಿಗೆ ಕೇಳಲು ಇನ್ನೂ ಮೂವರಿದ್ದಾರೆ. ಒಬ್ಬ ಆ ಡ್ರೈವರ್, ಈಗಲೂ ಅದೇ ರಸ್ತೆಯಲ್ಲಿ ಕಬ್ಬು ಹೇರುತ್ತಾನೆ. ಇನ್ನೊಬ್ಬಳು ನನ್ನ ಮಗಳು, ಹದಿನಾಲ್ಕು ತುಂಬಿದೆ, ಕೇಳಿದರೆ ಹೇಳುತ್ತಾಳೆ. ಮೂರನೆಯವಳು ಶೇಂಗಾ ಮಾರುತ್ತಿದ್ದ ಹೆಂಗಸು. ಕಣ್ಣು ಸ್ವಲ್ಪ ಮಂದವಾಗಿದೆ, ಆದರೆ ಸಂತೆಯ ದಿನ ಯರಗಟ್ಟಿಗೆ ಬಂದು ಬಸ್ ನಿಲ್ದಾಣದ ಎದುರು ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ.