ಹೊಟ್ಟೆಗೆ ಕಟ್ಟಿದ ಅಕ್ಕಿ

ಸಾಗರದ ನಮ್ಮ ವಠಾರದಲ್ಲಿ ಕೆರಿಯಮ್ಮನಷ್ಟು ಒಂಟಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ಬೇರೆ ಮದುವೆಯಾಗಿ ಅವಳನ್ನು ಹೊರಹಾಕಿದ್ದ. ಬಯಕೆ ಊಟಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಬಂಜೆಯನ್ನು ಯಾರು ಕರೆಯುತ್ತಾರೆ? ಉಂಡೆಯಾ ಎಂದು ಅವಳನ್ನು ಕೇಳುವವರೇ ಇರಲಿಲ್ಲ.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಅಕ್ಕಿ ಒಯ್ಯುವಂತಿರಲಿಲ್ಲ. ಪೇಟೆಯ ಗದ್ದೆಯೊಡೆಯರ ಮನೆಗೆ ಮಾತ್ರ ಜೀಪಿನಲ್ಲೇ ಮೂಟೆ ಬರುತ್ತಿತ್ತು. ತಾಲ್ಲೂಕಿನ ಗಡಿಯಲ್ಲಿ ಅಕ್ಕಿ ತಪಾಸಣೆಗೆ ಹಾಕಿದ್ದ ಗೇಟಿನವರು ಅದಕ್ಕೆ ಸಲಾಮು ಹೊಡೆಯುತ್ತಿದ್ದರು. ನಮಗೆ ರೇಷನ್ನಿನ ಮುಗ್ಗಲು ಗೋಧಿ. ಗಂಜಿ ಉಂಡು ಬೆಳೆದವರಿಗೆ ಅದು ಗಂಟಲಲ್ಲಿ ಇಳಿಯಬೇಕಲ್ಲ. ಕೆರಿಯಮ್ಮ ಪಕ್ಕದ ತಾಲ್ಲೂಕು ಹೊಸನಗರದ ಕಡೆಯಿಂದ ಕದ್ದು ಅಕ್ಕಿ ತಂದು ನಮಗೆ ಮಾರುತ್ತಿದ್ದಳು. ಚೀಲವನ್ನು ಹೊಟ್ಟೆಗೆ ಕಟ್ಟಿ, ಮೇಲೆ ಸೀರೆ ಸುತ್ತಿ, ಸೊಂಟಕ್ಕೆ ಕೈಕೊಟ್ಟು ಬಸ್ಸು ಹತ್ತುತ್ತಿದ್ದಳು. ಬಸುರಿಯ ಹೊಟ್ಟೆ ತಡವಿ ನೋಡಲು ಯಾವ ಪೊಲೀಸನಿಗೆ ಧೈರ್ಯ? "ಜಾಗ ಬಿಡ್ರೋ, ಬಸ್ರಿ ಹೆಂಗ್ಸು" ಎಂದು ಕಂಡಕ್ಟರ್ ಗದರಿದರೆ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವಳ ಮುಖ ಅರಳುತ್ತಿತ್ತು.

ಆಮೇಲೆ ನಿರ್ಬಂಧ ಹೋಯಿತು, ಗೇಟು ಕಿತ್ತರು, ಅಂಗಡಿಗೇ ಅಕ್ಕಿ ಬಂತು. "ಬದುಕಿದೆ ಮಾರಾಯ್ತಿ, ಇನ್ನು ಆ ಹೊರೆ ಬೇಡ" ಎಂದೆ.

ವಾರ ಕಳೆದು ನೋಡಿದರೆ ಬಸ್ಸಿಳಿದು ಅದೇ ಹೊಟ್ಟೆ ಹೊತ್ತು ಬರುತ್ತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಒಳಗೆಳೆದು ಗಂಟು ಬಿಚ್ಚಿದೆ. ಅಕ್ಕಿ ಇರಲಿಲ್ಲ, ಹಳೇ ಸೀರೆ ತುರುಕಿಕೊಂಡಿದ್ದಳು.

"ಎಂತ ಹುಚ್ಚೇ ನಿಂಗೆ?"

"ಬಸ್ಸಲ್ಲಿ ಮೂಕಮ್ಮ ಅಂತ ಒಬ್ರು ಅಜ್ಜಿ ಪರಿಚಯ ಆಗಿದ್ರು ಅಕ್ಕ, ಹೊಸನಗರದೋರು. ಹೋದ ಸಲನೇ ಕರ್ದಿದ್ರು. ತವರಿಲ್ಲ ಅಂದಿದ್ದಕ್ಕೆ, ಬಯಕೆ ಊಟ ನಮ್ಮನೇಲೇ ಮಾಡು ಅಂದ್ರು."

"ಹೋದ್ಯಾ?"

ಹೋಗಿದ್ದಳು. ಕೈತುಂಬ ಹೊಸ ಹಸಿರು ಬಳೆಗಳಿದ್ದವು.

"ಎಲೆ ತುಂಬ ಬಡಿಸಿದ್ರು. ಸಾಕು ಅಂದ್ರೂ ಬಿಡ್ಲಿಲ್ಲ. ಎರಡು ಜೀವ, ಹೊಟ್ಟೆ ತುಂಬ ಉಣ್ಣು ಮಗಾ ಅಂದ್ರು."

ನನಗೆ ಅಳು ಬಂದುಬಿಟ್ಟಿತು. ಬೈಯುವ ನೆಪದಲ್ಲೇ ಕೇಳಿದೆ, "ನಾಳೆ ಮಗು ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತೀಯೇ?"

"ಬಾಣಂತನ ಮುಗಿದ ಮೇಲೆ ಮಗೂನ ಎತ್ಕೊಂಡು ಬಾ ಅಂದಿದ್ದಾರೆ" ಎಂದಳು ಕೆರಿಯಮ್ಮ. "ಇನ್ನು ನಾನು ಆ ಬಸ್ಸು ಹತ್ತೋ ಹಾಗಿಲ್ಲ ಅಕ್ಕ."