ಕರಿ ಲ್ಯಾಪ್‌ಟಾಪ್ ಹೊತ್ತು ನಡೆದವಳು

ಓದು ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಬಾವಿ ಅಳೆಯುವುದು. ಹುಣಸೂರಿನಲ್ಲಿ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸಂಸ್ಥೆಯ ಪುಟ್ಟ ಕಚೇರಿ ಇತ್ತು. ಅಲ್ಲಿಂದ ಹೊರಟು ನಾಲ್ಕು ತಾಲ್ಲೂಕುಗಳ ಹಳ್ಳಿ ಹಳ್ಳಿ ತಿರುಗಿ, ಯಾವ ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ, ಯಾವ ಬೋರ್‌ವೆಲ್ ಬತ್ತಿದೆ ಎಂದು ಬರೆದುಕೊಂಡು ಬರಬೇಕು. ಜೊತೆಗೆ ಇನ್ನೊಬ್ಬಳಿದ್ದಳು. ನಾನು ಕೆ.ಆರ್. ನಗರದ ಕಡೆಯ ನಾಲೆಯ ನೀರು ಕುಡಿದು ಬೆಳೆದವಳು, ಅವಳು ಎಚ್.ಡಿ. ಕೋಟೆಯ ಕಡೆಯ ಹೊಲದ ಊರಿನವಳು. ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ತುಂಬಾ ಗಟ್ಟಿ ದನಿಯವಳು.

ಮೊಬೈಲು ಇನ್ನೂ ಮನೆಗೊಂದರಂತೆ ಬರುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ನಮ್ಮ ಸಾಹೇಬರು ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟು ಕೂತಿದ್ದರು. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಕರಿಯದು, ದಪ್ಪ, ಇಟ್ಟಿಗೆಯಂತಿತ್ತು. ಎರಡೂ ಆಫೀಸು ಕೆಲಸಕ್ಕೆಂದೇ ಮಾಡಿದವು, ಬೇರೆ ಬೇರೆ ಕಂಪನಿಯವು.

"ಎಲ್ಲರಿಗೂ ಕೊಡಿಸಬೇಕು ಅಂತಿದೀವಿ. ಅದಕ್ಕೆ ಮುಂಚೆ ನೀವಿಬ್ಬರೂ ಒಂದೊಂದು ತಗೊಂಡು ಓಡಾಡಿ. ಜೋಪಾನ ಮಾಡೋಕೆ ಹೋಗಬೇಡಿ. ಯಾವುದು ತಡೆಯುತ್ತೆ ನೋಡೋಣ" ಎಂದರು.

ನಾನು ಮಾತಾಡುವ ಮುಂಚೆಯೇ ಅವಳು ಕರಿಯದನ್ನು ಎತ್ತಿಕೊಂಡಳು. ಮೆಟ್ಟಿಲಿಳಿಯುವಾಗ ನನ್ನತ್ತ ತಿರುಗಿ, "ಎಮ್ಮೆ ಕಣಮ್ಮಿ ಇದು. ನಿಂದು ನೋಡು, ಮದುವಣಗಿತ್ತಿ ಅಂಗದೆ" ಎಂದು ನಕ್ಕಳು. ಬೆಳ್ಳಿಯದರ ಮೇಲೆ ನನಗೆ ಆಸೆಯಿದ್ದದ್ದು ಅವಳಿಗೆ ಮುಖ ನೋಡಿದ ಕೂಡಲೇ ಗೊತ್ತಾಗಿತ್ತು.

ಆ ಮದುವಣಗಿತ್ತಿಯ ಸೊಬಗು ಬಹಳ ದಿನ ಉಳಿಯಲಿಲ್ಲ. ಬಿಳಿಕೆರೆಯಲ್ಲಿ ಹತ್ತಿದ ಬಸ್ಸು ತುಂಬಿದರೆ ಚೀಲ ಎದೆಗೂ ಸೀಟಿನ ಸರಳಿಗೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಮುಚ್ಚಳದ ಬೆನ್ನನ್ನು ಬೆರಳಲ್ಲಿ ಒತ್ತಿದರೆ ಸಾಕು, ಪರದೆಯ ಮೇಲೆ ಕೆರೆಗೆ ಕಲ್ಲು ಹಾಕಿದಂತೆ ಬಣ್ಣದ ಅಲೆ ಏಳುತ್ತಿತ್ತು. ಅವಳದ್ದರ ಮೇಲೆ ಮೊಣಕೈ ಊರಿ ನಿದ್ದೆ ಮಾಡಿದರೂ ಏನೂ ಆಗುತ್ತಿರಲಿಲ್ಲ. ಅವಳು ಹಾಗೆ ಮಾಡುತ್ತಲೂ ಇದ್ದಳು. ಆದರೆ ಭಾರ ಅವಳದ್ದೇ. ಸಂಜೆ ಚೀಲ ಇಳಿಸಿದಾಗ ಹೆಗಲ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಬಸ್ಸಿಳಿದು ದೂರ ನಡೆಯಬೇಕಾದ ದಿನ, ನಾವು ದಾರಿಯ ಅರ್ಧದಲ್ಲಿ ಚೀಲ ಬದಲಾಯಿಸಿಕೊಳ್ಳುತ್ತಿದ್ದೆವು.

ಹಾರನಹಳ್ಳಿಯ ಹತ್ತಿರ ಒಂದು ಮನೆ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಗೂಡು, ಬ್ಯಾರನ್ನಿನ ಕಾವು ಜಗಲಿಯವರೆಗೂ ಬರುತ್ತಿತ್ತು. ಮನೆಯಾಕೆ ದೊಡ್ಡ ಲೋಟಗಳಲ್ಲಿ ಮಜ್ಜಿಗೆ ತಂದಿಟ್ಟರು. ನನ್ನ ಜೊತೆಯವಳು ಕೈಬೀಸಿ ಮಾತಾಡುವವಳು. ಕೈ ತಾಗಿ ಲೋಟ ಉರುಳಿತು, ಮಜ್ಜಿಗೆಯೆಲ್ಲ ಕರಿಯದರ ಕೀಬೋರ್ಡಿನ ಮೇಲೆ. ನಾನು ಕಿರುಚಿಬಿಟ್ಟೆ. ಅವಳು ಅದನ್ನು ಹಾಗೇ ಎರಡು ಕೈಯಲ್ಲಿ ಎತ್ತಿ ಹಿಡಿದಳು. ನೋಡುತ್ತೇವೆ, ತಳದಲ್ಲಿದ್ದ ಸಣ್ಣ ತೂತುಗಳಿಂದ ಮಜ್ಜಿಗೆ ಧಾರೆ ಕಟ್ಟಿ ಜಗಲಿಗೆ ಇಳಿಯುತ್ತಿದೆ! ಚೆಲ್ಲಿದ್ದು ಒಳಗೆ ನಿಲ್ಲದೆ ಹೊರಗೆ ಹೋಗಲೆಂದೇ ಅದಕ್ಕೆ ದಾರಿ ಮಾಡಿದ್ದರು.

ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ನಮ್ಮವ್ವ, ನೀವು ಬ್ಯಾಡ ಬ್ಯಾಡ ಅಂತಿದ್ರಿ. ಅದಕ್ಕೇ ಅದಕ್ಕೆ ಕುಡಿಸಿಬುಟ್ರಾ?" ಎಂದರು.

ಬ್ಯಾಟರಿ ಬಿಚ್ಚಿ, ಒರೆಸಿ, ನೆರಳಲ್ಲಿ ಗಾಳಿಗಿಟ್ಟೆವು. ಮರುದಿನ ಗುಂಡಿ ಒತ್ತಿದರೆ ಪರದೆ ಬೆಳಗಿತು. ಸ್ವಲ್ಪ ದಿನ ಹುಳಿ ವಾಸನೆ ಬಂತು, ಅಷ್ಟೆ. ಅವಳ ಗರ್ವ ಹೇಳತೀರದು. "ಈಗ ನಿಂದಕ್ಕೂ ಒಂದು ಲೋಟ ಉಯ್ಯಣ ಬಾ. ಎರಡನ್ನೂ ಒಂದೇ ಸಮ ನೋಡಬೇಕು ಅಂದವ್ರೆ ಸಾಹೇಬ್ರು" ಎಂದು ಕಚೇರಿಯ ತುಂಬ ಅಟ್ಟಿಸಿಕೊಂಡು ಬಂದಳು. ನಾನು ಬೆಳ್ಳಿಯದನ್ನು ಎದೆಗವಚಿಕೊಂಡು ಓಡಿದೆ.

ನನ್ನದು ಕೆಡಲು ಮಜ್ಜಿಗೆಯೇ ಬೇಕಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನದರ ಮುಚ್ಚಳದ ಕೀಲಿನ ಬಳಿ ಬಿರುಕು ಬಿಟ್ಟಿತು. ಕೊನೆಗೆ ಮುಚ್ಚಳ ನಿಲ್ಲದೆ ಹಿಂದಕ್ಕೆ ಬೀಳತೊಡಗಿತು. ಅವಳು ತನ್ನ ಜಡೆಯ ಟೇಪು ಬಿಚ್ಚಿ ಕಟ್ಟಿಕೊಟ್ಟಳು. ಇಡೀ ದಿನ ಬಿಚ್ಚುಗೂದಲಲ್ಲೇ ಊರು ಸುತ್ತಿದಳು. ಮೈಸೂರಿನ ರಿಪೇರಿ ಅಂಗಡಿಯಲ್ಲಿ ಎರಡನ್ನೂ ಬಿಚ್ಚಿಸಿ ನೋಡಿದೆವು. ನನ್ನದರ ಕೀಲಿನ ಸ್ಕ್ರೂಗಳು ಬರಿಯ ಪ್ಲಾಸ್ಟಿಕ್ಕಿನಲ್ಲಿ ಕೂತಿದ್ದವು. ಕರಿಯದರ ಮುಚ್ಚಳದೊಳಗೆ ಲೋಹದ ಚೌಕಟ್ಟಿತ್ತು, ಕೀಲು ಅದಕ್ಕೇ ಬಿಗಿದಿತ್ತು. ಹೊರಗೆ ಕಾಣುವ ಲಕ್ಷಣವೆಲ್ಲ ನನ್ನದಕ್ಕೆ, ಎಲುಬೆಲ್ಲ ಅವಳದ್ದಕ್ಕೆ.

ವೀರನಹೊಸಹಳ್ಳಿಯಲ್ಲಿ ಕೆಲಸ ಮುಗಿಸಿದ ಒಂದು ಸಂಜೆ ಬಸ್ಸು ಬರಲಿಲ್ಲ. ಮುಂದೆ ರಸ್ತೆಯಲ್ಲಿ ಆನೆ ನಿಂತಿದೆಯಂತೆ ಎಂದರು. ಚಹಾ ಅಂಗಡಿಯ ಬೆಂಚಿನಲ್ಲಿ ಕೂತೆವು. ಕಾಡಿನ ಕಡೆಯಿಂದ ಒದ್ದೆ ಗಾಳಿ ಬೀಸುತ್ತಿತ್ತು. ಅವಳು ಚೀಲವನ್ನು ಮಡಿಲಿಗೆಳೆದುಕೊಂಡಳು.

"ನಂಗೆ ಮದುವೆ ಗೊತ್ತು ಮಾಡವ್ರೆ ಕಣಮ್ಮಿ" ಎಂದಳು.

"ಯಾರು? ಎಲ್ಲಿಯವರು?"

"ಕೊಡಗಿನ ಕುಟ್ಟದಿಂದ ಆಚೆ, ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರಂತೆ. ಒಳ್ಳೆವ್ರೇ ಅಂತಾರೆ."

"ಕೆಲಸ ಬಿಡ್ತೀಯಾ?"

"ಅಲ್ಲಿ ಯಾವ ಬಾವಿ ಅಳೀಲಿ? ಅಲ್ಲಿ ನೀರು ಮೇಲಿಂದ್ಲೇ ಸುರೀತದೆ." ನಗಲು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಚೀಲದ ಮೇಲೆ ಕೈಯಾಡಿಸುತ್ತ ಹೇಳಿದಳು: "ನಮ್ಮನೇಲಿ ಬೀರು, ಪೆಟ್ಟಿಗೆ, ಹಾಸಿಗೆ, ಎಲ್ಲಾ ಎಲ್ರದೂವೆ. ನಾನು ಮುಚ್ಚಿದ್ರೆ ಇನ್ಯಾರೂ ತೆಗೆಯಂಗಿಲ್ಲ ಅನ್ನೋದು ಇದೊಂದೇ. ಒಳಗಿರೋದು ಕಂಡೋರ ಬಾವಿ ಲೆಕ್ಕ, ಗೊತ್ತು. ಆದ್ರೂ ನಂದೇ ಅನ್ನಿಸ್ತದೆ."

ಹೋಗಬೇಡ ಎನ್ನಲು ನಾನು ಯಾರು? ಬಸ್ಸಿನ ದೀಪ ಕಂಡಿತು, ಎದ್ದೆವು.

ಸಾಹೇಬರ ಮುಂದೆ ನಾವಿಬ್ಬರೂ ಕೂತು ಕಂಡದ್ದನ್ನು ಕಂಡಂತೆ ಹೇಳಿದೆವು. ಕರಿಯದು ತಡೆಯುತ್ತೆ, ಆದರೆ ಹೆಣ್ಣುಮಕ್ಕಳ ಹೆಗಲಿಗೆ ಭಾರ, ಚೀಲದ ಪಟ್ಟಿ ಅಗಲವಾಗಿರಲಿ ಎಂದು ಅವಳೇ ಸೇರಿಸಿದಳು. ಎಲ್ಲರಿಗೂ ಕರಿಯದೇ ಬಂತು, ಅಗಲ ಪಟ್ಟಿಯ ಚೀಲವೂ ಬಂತು. ಅಷ್ಟರಲ್ಲಿ ಅವಳು ಹೊರಟಿದ್ದಳು. ಕೊನೆಯ ದಿನ ಒದ್ದೆ ಬಟ್ಟೆಯಿಂದ ತನ್ನದನ್ನು ಒರೆಸಿ, ಕೀಬೋರ್ಡಿನ ಸಂದಿಯ ಕೆಮ್ಮಣ್ಣನ್ನು ಪಿನ್ನಿನಿಂದ ಕೆದಕಿ ತೆಗೆದು, ಮೇಜಿನ ಮೇಲಿಟ್ಟಳು. ಅದು ನನ್ನ ಪಾಲಿಗೆ ಬಂತು. ಆಮೇಲೆ ಹಳ್ಳಿಗೆ ಹೋದರೆ, "ಆವಮ್ಮ ಎಲ್ಲವ್ವಾ?" ಎಂದು ಜನ ಕೇಳುತ್ತಿದ್ದರು. ಅರ್ಧ ದಾರಿಯಲ್ಲಿ ಚೀಲ ಬದಲಾಯಿಸಿಕೊಳ್ಳಲು ಯಾರೂ ಇರಲಿಲ್ಲ.

ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕುವ ಸಾಲಿನಲ್ಲಿ ಹಿಂದಿನವರು ನೂಕುತ್ತಿದ್ದರು. ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, "ಊಟ ಮಾಡ್ಕಂಡೋಗು" ಎಂದಳು. ಅಷ್ಟೇ ಮಾತು.

ಯೋಜನೆ ಮುಗಿದು ಕಚೇರಿ ಮುಚ್ಚಿದ ಮೇಲೆ ಒಂದು ದಿನ ತಡೆಯಲಾಗದೆ ಅವಳ ತವರಿಗೆ ಹೋದೆ. ಅವಳ ತಾಯಿ ಗುರುತು ಹಿಡಿದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. "ಯುಗಾದೀಲಿ ಬಂದಿದ್ಲು ಕಣವ್ವ. ನಿನ್ನ ಕೇಳಿದ್ಲು. ಎಲ್ಲವಳೋ ಅಂದೆ" ಎಂದರು. ಎಸ್ಟೇಟಿನ ಕೆಲಸದವರಿರುವ ಲೈನ್ ಮನೆಗಳಿಗೆ ಫೋನಿಲ್ಲವಂತೆ. ಅವಳ ತವರಿನವರು ನಂಬರುಗಳನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಿದ್ದರು. ನಾನೂ ನನ್ನದನ್ನು ಬರೆದು ಬಂದೆ.

ಮಳೆಗಾಲದಲ್ಲಿ ಫೋನು ಬಂತು. ಹಿಂದೆ ಧೋ ಎಂದು ಮಳೆ. ಅಂಗಡಿಯ ಫೋನಿನಿಂದ ಕೂಗಿ ಕೂಗಿ ಮಾತಾಡಿದಳು. ಮಗಳು ಹುಟ್ಟಿದ್ದಾಳೆ ಎಂದಳು. ಜಿಗಣೆಗಳ ಬಗ್ಗೆ ಹೇಳಿದಳು. "ಇಲ್ಲಿ ಯಾರ ಕೂಡೆ ಮಾತಾಡ್ಲಿ ಅಮ್ಮಿ, ಅರ್ಧ ಜನ ಮಲಯಾಳ, ಅರ್ಧ ಜನ ಕೊಡವ" ಎಂದು ನಕ್ಕಳು. ನಾನು ಬರುತ್ತೇನೆ ಎಂದೆ. "ಮಳೆ ನಿಲ್ಲಲಿ, ಆಮ್ಯಾಕೆ ಬಾ. ನಾನೇ ಮತ್ತೆ ಮಾಡ್ತೀನಿ" ಎಂದಳು.

ಮಳೆ ನಿಂತ ಮೇಲೆ ಆ ಅಂಗಡಿಗೆ ನಾನೇ ಮಾಡಿದೆ. ಅವರು ಬೇರೆ ಎಸ್ಟೇಟಿಗೆ ಹೋದರು, ಯಾವುದೋ ಗೊತ್ತಿಲ್ಲ ಎಂದರು ಅಂಗಡಿಯವರು. ಅವಳ ತವರಿನವರಿಗೂ ಅದರ ಹೆಸರು ಗೊತ್ತಿರಲಿಲ್ಲ. ಈಗ ನನ್ನ ಮಕ್ಕಳು ಹೊಸ ನಂಬರು ತಗೋ ಎಂದು ದುಂಬಾಲು ಬೀಳುತ್ತಾರೆ. ಆ ಗೋಡೆಯ ಮೇಲೆ ಬರೆದ ಹಳೆಯದಕ್ಕೆ ದಿನವಿಡೀ ಬೇಡದ ಕರೆಗಳೇ ಬರುತ್ತವೆ. ಗುರುತಿಲ್ಲದ ಪ್ರತಿ ಕರೆಯನ್ನೂ ನಾನು ಎತ್ತಿಕೊಳ್ಳುತ್ತೇನೆ.