ನೀರು ಬಿಡುವವರ ಹೆಸರು

ಟಿಕೆಟ್ಟೋ ಟೋಕನ್ನೋ, ಫೋನಿನ ಒಂದು ಆ್ಯಪಿನಲ್ಲಿ ಪ್ರತಿ ದೂರಿಗೂ ಏನೋ ಒಂದು ಹೆಸರಿತ್ತು, ಮರೆತಿದ್ದೇನೆ. ಜಗಳೂರಿನಿಂದ ಹೊನ್ನಾಳಿ ಕಡೆಗೆ ಸೊಸೆಯಾಗಿ ಬಂದ ನಾನು ಈಗ ಊರಿನ ನೀರು ಸಮಿತಿಯಲ್ಲಿದ್ದೇನೆ. ದೂರು ಬರೆದುಕೊಳ್ಳಲು ಮೊಮ್ಮಗಳು ನನ್ನ ಫೋನಿಗೆ ಎರಡು ಆ್ಯಪ್ ಹಾಕಿ, ಒಂದನ್ನು ಆರಿಸಿಕೋ ಎಂದಿದ್ದಳು. ಒಂದು ಟಿಪ್ಪಣಿಯದು, ಬರೆದದ್ದು ನನಗೊಬ್ಬಳಿಗೇ ಕಾಣುತ್ತದೆ. ಇನ್ನೊಂದರಲ್ಲಿ ಸಮಿತಿಯವರಿಗೆಲ್ಲ ಕಾಣುತ್ತದೆ, ಕೆಲಸ ಮುಗಿಯುವ ತನಕ ದೂರು ಅಲ್ಲೇ ಇರುತ್ತದೆ.

ಯಾವುದೆಂದು ಆರಿಸುವಷ್ಟರಲ್ಲಿ ಕೊನೆ ಕೇರಿಯ ಗೌರಮ್ಮ ಬಂದಳು.

“ನಾಕು ದಿನ ಆತು ದೊಡ್ಡವ್ವ, ನಮ್ಮ ಕೇರಿಗೆ ನೀರಿಲ್ಲ. ಮನ್ಯಾಗೆ ಬಾಣಂತಿ ಅದಾಳೆ.”

“ನೀರು ಬಿಡೋದು ನಿನ್ನ ಗಂಡನೇ ಅಲ್ವೇನೆ?”

“ಮೊದ್ಲು ತನ್ನ ಕೇರಿಗೇ ಬಿಟ್ಕಂಡ ಅಂತ ಜನ ಆಡ್ಕಂತಾರಂತೆ. ಅದಕ್ಕೆ ನಮ್ಮನ್ನ ಕೊನಿಗಿಟ್ಟಾರೆ. ಅಷ್ಟೊತ್ತಿಗೆ ಟ್ಯಾಂಕ್ ಖಾಲಿ.”

ಎಲ್ಲರಿಗೂ ಕಾಣುವ ಆ್ಯಪಿನಲ್ಲೇ ಬರೆದೆ. ಸರಿಪಡಿಸಬೇಕಾದವರ ಹೆಸರು ಹಾಕದೆ ಅದು ಮುಂದೆ ಹೋಗಲಿಲ್ಲ.

“ಹೆಸರು ಹೇಳು.”

“ಗಂಡನ ಹೆಸರು ಹೆಂಗೆ ಹೇಳಾಕಾಗ್ತೈತೆ? ನಿಮಗೆ ಗೊತ್ತೈತಲ್ಲ, ನೀವೇ ಬರ್ಕಳ್ರಿ.”

ಗೊತ್ತಿತ್ತು. ಆದರೆ ನನ್ನ ಯಜಮಾನರದೂ ಅದೇ ಹೆಸರು; ಇಷ್ಟು ವರ್ಷ ನಾನೂ ಅದನ್ನು ನಾಲಿಗೆಗೆ ತಂದವಳಲ್ಲ, ಕೈಯಾರೆ ಬರೆದವಳೂ ಅಲ್ಲ. ಟಿಪ್ಪಣಿಯ ಆ್ಯಪ್ ಹೆಸರು ಕೇಳುವುದಿಲ್ಲ, ಆದರೆ ಅದರಲ್ಲಿ ಬರೆದರೆ ಬಾಣಂತಿಗೆ ನೀರು ಬರುವುದಿಲ್ಲ. ಒಳಗಿದ್ದ ಮೊಮ್ಮಗಳನ್ನು ಕರೆದೆ.

“ಇಲ್ಲಿ ನಿಮ್ಮ ತಾತನ ಹೆಸರು ಬರಿಯವ್ವ.”